ಗಾಲ್ಫಿನ ಸಂಕರ ದಾಂಡು

ಮಾಘಮಾಸದ ಹೊತ್ತಿಗೆ ಚಿಂಚೋಳಿ ತಾಲ್ಲೂಕಿನ ಹೊಲಗಳಲ್ಲಿ ತೊಗರಿಯ ಕೊಯ್ಲು ಮುಗಿದು ನೆಲ ಬಯಲಾಗಿರುತ್ತದೆ. ಆ ಬಯಲಿನಲ್ಲಿ ಸಂಜೆಯ ವೇಳೆ ಹುಡುಗರು ಚಿಣ್ಣಿದಾಂಡು ಆಡುವುದನ್ನು ಕಂಡವರಿಗೆ, ಅದಕ್ಕಿಂತಲೂ ಸ್ವತಃ ಆಡಿದವರಿಗೆ, ಒಂದು ಸಂಗತಿ ಚೆನ್ನಾಗಿ ಗೊತ್ತು. ದಾಂಡಿನ ಒಂದು ನಿರ್ದಿಷ್ಟ ಜಾಗಕ್ಕೆ ಚಿಣ್ಣಿ ತಾಕಿದರೆ ಅದು ಗಾಳಿಯನ್ನು ಸೀಳಿಕೊಂಡು ಹಾರಿಹೋಗುತ್ತದೆ. ಹೊಡೆದವನ ಅಂಗೈಗೆ ಏನೂ ಆದಂತೆಯೇ ಇರುವುದಿಲ್ಲ. ಅದೇ ದಾಂಡಿನ ತುದಿಗೋ ಬುಡಕ್ಕೋ ತಾಕಿದರೆ ಚಿಣ್ಣಿ ನಾಲ್ಕು ಮಾರು ಹೋಗಿ ಬೀಳುತ್ತದೆ, ಅಂಗೈ ಜುಮ್ಮೆನ್ನುತ್ತದೆ. ಹೊಡೆದವನು ಎರಡು ಸಲವೂ ಒಂದೇ ಬಲವನ್ನು ಹಾಕಿದ್ದಾನೆ. ಹಾಗಿದ್ದ ಮೇಲೆ ಎರಡನೆಯ ಸಲ ಆ ಬಲವೆಲ್ಲ ಎಲ್ಲಿ ಹೋಯಿತು?

ಗಾಲ್ಫ್ ಆಟದ ದಾಂಡುಗಳನ್ನು ತಯಾರಿಸುವವರನ್ನೂ ಇದೇ ಪ್ರಶ್ನೆ ಬಹುಕಾಲ ಕಾಡಿದೆ. ಅವರು ಕಂಡುಕೊಂಡ ಉತ್ತರಗಳಲ್ಲಿ ಒಂದು, ಈ ಶತಮಾನದ ಆರಂಭದಿಂದ ಬಹಳವಾಗಿ ಬಳಕೆಗೆ ಬಂದಿರುವ 'ಹೈಬ್ರಿಡ್' ಎಂಬ ಸಂಕರ ದಾಂಡು. ಗಾಲ್ಫ್ ನಮ್ಮ ಸೀಮೆಯ ಆಟವಲ್ಲವೆಂದು ಓದುಗರು ಪುಟ ಮಗುಚಬಾರದಾಗಿ ಕೋರುತ್ತೇವೆ. ಚಿಂಚೋಳಿ, ಸೇಡಂಗಳ ವಿದ್ಯಾರ್ಥಿಗೆ ಬೆಂಗಳೂರಿನ ಮೈದಾನಗಳಿಗಿಂತ ಹೈದರಾಬಾದಿನ ಗೋಲ್ಕೊಂಡ ಕೋಟೆಯ ಬಳಿಯ ಮೈದಾನವೇ ಹತ್ತಿರ. ಅಲ್ಲಿಗೂ ಹೋಗುವ ಪ್ರಸಂಗ ಬಾರದೆ ಇರಬಹುದು. ಆದರೂ ಕನ್ನಡ ನಾಡಿಗೂ ಈ ಆಟಕ್ಕೂ ಇರುವ ನಂಟು ಇಂದಿನದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಸಿರಿವಂತರ ಆಟವೆಂಬ ಮಾತಿನಲ್ಲಿ ಸತ್ಯವಿದ್ದರೂ, ಬಿಡದಿಯ ಬಳಿಯ ಮೈದಾನವೊಂದರ ನೆರೆಯ ಹಳ್ಳಿಯಿಂದ ಬಂದು ವೃತ್ತಿಪರ ಆಟಗಾರರಾದ ಚಿಕ್ಕರಂಗಪ್ಪನವರಂಥವರೂ ನಮ್ಮಲ್ಲಿ ಉಂಟು. ಮೇಲಾಗಿ, 2021ರ ಆಗಸ್ಟ್ ತಿಂಗಳ ಒಂದು ಶನಿವಾರ, ಗಾಲ್ಫಿನ ಗಂಧವೇ ಇಲ್ಲದ ಎಷ್ಟೋ ಮನೆಗಳಲ್ಲಿ ಜನರು ನಸುಕಿನಲ್ಲಿ ಎದ್ದು ಕುಳಿತು ಈ ಆಟವನ್ನು ನೋಡಿದರಷ್ಟೆ. ಅದೇಕೆಂಬುದರಿಂದಲೇ ನಮ್ಮ ವಿಷಯವನ್ನು ಆರಂಭಿಸೋಣ.

2020ರಲ್ಲಿ ನಡೆಯಬೇಕಾಗಿದ್ದು ಸಾಂಕ್ರಾಮಿಕದ ದೆಸೆಯಿಂದ ಒಂದು ವರ್ಷ ಮುಂದೆ ಹೋದ ಟೋಕಿಯೊ ಒಲಿಂಪಿಕ್ಸ್ ಕೂಟದಲ್ಲಿ ಮಹಿಳೆಯರ ಗಾಲ್ಫ್ ಸ್ಪರ್ಧೆ ಕಸುಮಿಗಾಸೆಕಿ ಎಂಬ ಮೈದಾನದಲ್ಲಿ ಆಗಸ್ಟ್ 4ರಿಂದ 7ರವರೆಗೆ ಜರುಗಿತು. ಕಣದಲ್ಲಿದ್ದವರು 60 ಮಂದಿ. ಅವರಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಬ್ಬರು; ಆಗ ಅವರಿಗೆ 23 ವರ್ಷ. ಮೊದಲ ಮೂರು ದಿನಗಳಲ್ಲಿ ಅವರು ಕ್ರಮವಾಗಿ 67, 66, 68 ಹೊಡೆತಗಳಲ್ಲಿ ಸುತ್ತನ್ನು ಮುಗಿಸಿ ಎರಡನೆಯ ಸ್ಥಾನದಲ್ಲಿ ನಿಂತಿದ್ದರು. ಸೋಜಿಗವೆಂದರೆ, ಚೆಂಡನ್ನು ದೂರ ಹೊಡೆಯುವುದರಲ್ಲಿ ಅವರು ಕಣದ ಕಟ್ಟಕಡೆಯ ಸಾಲಿನವರು. ಆ ವರ್ಷ ಕೋವಿಡ್ ತಗುಲಿ ಮೈಯ ಕಸುವು ಕುಂದಿದ್ದರಿಂದ ಇದ್ದ ದೂರವೂ ತಗ್ಗಿತ್ತು. ಜತೆಯಲ್ಲಿ ಆಡುತ್ತಿದ್ದವರ ಚೆಂಡು ಮೊದಲ ಹೊಡೆತಕ್ಕೆ ಇವರ ಚೆಂಡಿಗಿಂತ ಹತ್ತಾರು ಮೀಟರು ಮುಂದೆ ಹೋಗಿ ಬೀಳುತ್ತಿತ್ತು.

ಈ ಕೊರತೆ ಎಷ್ಟು ಕಠಿಣವಾದದ್ದೆಂಬುದು ಆಟದ ರೀತಿಯನ್ನು ತಿಳಿದರೆ ಸ್ಪಷ್ಟವಾಗುತ್ತದೆ. ಗಾಲ್ಫಿನಲ್ಲಿ ಚೆಂಡನ್ನು ಕೆಲವು ನೂರು ಮೀಟರ್ ದೂರದ 108 ಮಿಲಿಮೀಟರ್ ಅಗಲದ ಕುಳಿಗೆ, ಸಾಧ್ಯವಾದಷ್ಟು ಕಡಿಮೆ ಹೊಡೆತಗಳಲ್ಲಿ ಮುಟ್ಟಿಸಬೇಕು. ಕುಳಿಯ ಸುತ್ತ ಹುಲ್ಲನ್ನು ಕಂಬಳಿಯಂತೆ ಕತ್ತರಿಸಿದ ನುಣುಪಾದ ಜಾಗವಿರುತ್ತದೆ. ಅದಕ್ಕೆ ಗ್ರೀನ್ ಎಂದು ಹೆಸರು. ಮೊದಲ ಹೊಡೆತ 40 ಮೀಟರ್ ಕುಂಠಿತವಾದರೆ ಗ್ರೀನಿಗೆ ಹೊಡೆಯುವ ಎರಡನೆಯ ಹೊಡೆತ 40 ಮೀಟರ್ ಉದ್ದವಾಗಬೇಕು. ಇದು ಬಲಹೀನರಿಗೆ ಆಟ ವಿಧಿಸುವ ಮೊದಲನೆಯ ದಂಡ. ಎರಡನೆಯ ದಂಡ ಇದಕ್ಕಿಂತಲೂ ಕ್ರೂರವಾದದ್ದು. ಹತ್ತಿರದಿಂದ ಹೊಡೆಯುವವರು ಮುಖ ಹೆಚ್ಚು ಓರೆಯಾಗಿರುವ ದಾಂಡನ್ನು ಹಿಡಿಯುತ್ತಾರೆ. ಚೆಂಡು ಗೋಪುರದಂತೆ ಮೇಲೇರಿ, ಕಡಿದಾಗಿ ಇಳಿದು, ಬಿದ್ದ ಜಾಗದಲ್ಲೇ ನಿಲ್ಲುತ್ತದೆ. ದೂರದಿಂದ ಹೊಡೆಯುವವರು ಓರೆ ಕಡಿಮೆಯಿರುವ ದಾಂಡನ್ನು ಹಿಡಿಯಲೇಬೇಕು. ಚೆಂಡು ತಗ್ಗಿನಲ್ಲಿ ಸಾಗಿ, ಗ್ರೀನಿಗೆ ತಾಕಿ, ಪುಟಿದು ಆಚೆಗೆ ಓಡಿಹೋಗುತ್ತದೆ. ಅಂದರೆ ಬಲವಿಲ್ಲದವರು ದೂರವನ್ನು ಮಾತ್ರವೇ ಅಲ್ಲದೆ ನಿಖರತೆಯನ್ನೂ ಕಳೆದುಕೊಳ್ಳುತ್ತಾರೆ. ಮೊದಲನೆಯ ದಂಡವನ್ನು ಯಾವ ದಾಂಡೂ ಮನ್ನಾ ಮಾಡಲಾರದು. ಎರಡನೆಯದನ್ನು ಬಹುಮಟ್ಟಿಗೆ ತಗ್ಗಿಸುವುದೇ ಸಂಕರ ದಾಂಡಿನ ಕೆಲಸ. ಎದುರಾಳಿಗಳು ಕಿರಿಯ ಕಬ್ಬಿಣಗಳನ್ನು ಹಿಡಿಯುತ್ತಿದ್ದ ಕಡೆಗಳಲ್ಲಿ ಅದಿತಿ ಅವರು ಹೈಬ್ರಿಡ್ಡನ್ನೋ ಅದಕ್ಕಿಂತ ಉದ್ದದ ದಾಂಡನ್ನೋ ಹಿಡಿದು ಗ್ರೀನಿನ ಮೇಲೆ ಚೆಂಡನ್ನು ನಿಲ್ಲಿಸುತ್ತಿದ್ದರು.

ಈಗ ದಾಂಡುಗಳ ಕುಲವನ್ನು ನೋಡೋಣ. ಒಬ್ಬ ಆಟಗಾರ ಹೆಚ್ಚೆಂದರೆ 14 ದಾಂಡುಗಳನ್ನು ಒಯ್ಯಬಹುದೆಂದು ನಿಯಮ. ಅವುಗಳಲ್ಲಿ ಮುಖ್ಯವಾಗಿ ಎರಡು ಕುಲ: 'ವುಡ್' ಎಂದರೆ ಮರ, 'ಐರನ್' ಎಂದರೆ ಕಬ್ಬಿಣ. ಮರದ ದಾಂಡಿನ ತಲೆ ದಪ್ಪವಾಗಿ, ಹಿಂದಕ್ಕೆ ಉಬ್ಬಿಕೊಂಡು ಇರುತ್ತದೆ, ಕಾವು ಉದ್ದ. ಹಿಂದೆ ಇದನ್ನು ಪರ್ಸಿಮನ್ ಎಂಬ ಗಟ್ಟಿಮರದಿಂದ ಕಡೆಯುತ್ತಿದ್ದರು. ಈಗ ಟೊಳ್ಳಾದ ಲೋಹದಿಂದ ಮಾಡಿದರೂ ಹೆಸರು ಮಾತ್ರ ಮರವೆಂದೇ ಉಳಿದಿದೆ. ಕಬ್ಬಿಣದ ದಾಂಡಿನ ತಲೆ ತೆಳುವಾದ ಅಲಗಿನಂತಿರುತ್ತದೆ, ಕಾವು ಗಿಡ್ಡ. ಕಬ್ಬಿಣಗಳಿಗೆ ಅಂಕಿಗಳುಂಟು. ಅಂಕಿ ಚಿಕ್ಕದಾದಷ್ಟೂ ಮುಖದ ಓರೆ ಕಡಿಮೆ, ದೂರ ಹೆಚ್ಚು. 3ನೆಯ ಕಬ್ಬಿಣದ ಓರೆ ಸುಮಾರು 20 ಡಿಗ್ರಿ. 9ನೆಯದಕ್ಕೆ ಅದರ ಎರಡರಷ್ಟು.

ಈ 3 ಮತ್ತು 4ನೆಯ ಕಬ್ಬಿಣಗಳೇ ಸಾಮಾನ್ಯ ಆಟಗಾರರ ಪಾಲಿನ ಶನಿ. ನಾವೂ ಒಮ್ಮೆ ಬೆಂಗಳೂರಿನ ಅಭ್ಯಾಸದ ಮೈದಾನವೊಂದರಲ್ಲಿ ಸ್ನೇಹಿತರ 4ನೆಯ ಕಬ್ಬಿಣವನ್ನು ಹಿಡಿದು ನಿಂತದ್ದುಂಟು. ಹೊಡೆದ ಚೆಂಡುಗಳಲ್ಲಿ ಹೆಚ್ಚಿನವು ನೆಲವನ್ನು ಬಿಟ್ಟು ಮೇಲೇಳಲೇ ಇಲ್ಲ. ಬೆಚ್ಚಿದ ಮೊಲದಂತೆ ಹುಲ್ಲಿನಲ್ಲೇ ಓಡಿದವು. ಕೈಯಂತೂ ಚಿಣ್ಣಿದಾಂಡಿನ ದಿನಗಳನ್ನು ನೆನಪಿಗೆ ತಂದಿತು. ಬಳಿಕ ಅದೇ ಸ್ನೇಹಿತರು ಕೊಟ್ಟ ಸಂಕರ ದಾಂಡಿನಿಂದ ಹೊಡೆದಾಗ ಚೆಂಡು ಆಕಾಶವನ್ನು ಕಂಡಿತು. ನಮ್ಮ ತೋಳುಗಳು ಐದು ನಿಮಿಷದಲ್ಲಿ ಬಲಿತಿರಲಿಲ್ಲವಷ್ಟೆ. ವ್ಯತ್ಯಾಸವೆಲ್ಲ ದಾಂಡಿನ ತಲೆಯಲ್ಲಿಯೇ ಇರಬೇಕು.

ಮೊದಲು ಹೊಡೆತದ ರಭಸವನ್ನು ಲೆಕ್ಕ ಹಾಕೋಣ. ಚೆಂಡಿನ ತೂಕ ಸುಮಾರು 46 ಗ್ರಾಂ. ಒಳ್ಳೆಯ ಆಟಗಾರ್ತಿ ಇಂಥ ದಾಂಡಿನಿಂದ ಹೊಡೆದಾಗ ಅದು ಸೆಕೆಂಡಿಗೆ ಸುಮಾರು 55 ಮೀಟರ್ ವೇಗದಲ್ಲಿ ಹೊರಡುತ್ತದೆ. ದಾಂಡಿಗೂ ಚೆಂಡಿಗೂ ಇರುವ ಸಂಪರ್ಕವಾದರೋ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಸಂವೇಗವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಬಲ ದೊರೆಯುತ್ತದೆ: ಸುಮಾರು 5,000 ನ್ಯೂಟನ್. ವಾಡಿ, ಶಹಾಬಾದುಗಳ ಓದುಗರಿಗೆ ಅರ್ಥವಾಗುವಂತೆ ಹೇಳುವುದಾದರೆ, 50 ಕಿಲೋಗ್ರಾಂನ ಹತ್ತು ಸಿಮೆಂಟ್ ಚೀಲಗಳ ಭಾರ ಆ ಕ್ಷಣದಲ್ಲಿ ಅಂಗೈಯಗಲದ ಲೋಹದ ಮುಖದ ಮೇಲೆ ಬಿದ್ದಂತೆ. ಈ ಭಾರ ಗುರುತ್ವಕೇಂದ್ರಕ್ಕೆ ನೇರವಾಗಿ ಬಿದ್ದರೆ ತಲೆ ತಿರುಗದೆ ಚೆಂಡನ್ನು ನೂಕುತ್ತದೆ. ಒಂದು ಸೆಂಟಿಮೀಟರ್ ಪಕ್ಕಕ್ಕೆ ಬಿದ್ದರೆ ತಲೆ ತಿರುಚಿಕೊಳ್ಳುತ್ತದೆ. ಚೆಂಡಿಗೆ ಹೋಗಬೇಕಾದ ಶಕ್ತಿಯಲ್ಲಿ ಒಂದು ಪಾಲು ತಲೆಯನ್ನು ತಿರುಗಿಸುವುದರಲ್ಲಿ ವ್ಯಯವಾಗುತ್ತದೆ. ಚಿಣ್ಣಿಯ ಪ್ರಶ್ನೆಗೂ ಉತ್ತರ ಇಲ್ಲಿದೆ: ಕಾಣೆಯಾದ ಬಲ ದಾಂಡನ್ನು ತಿರುಗಿಸುವುದರಲ್ಲಿಯೂ ಅದುರಿಸುವುದರಲ್ಲಿಯೂ ಹೋಯಿತು; ಅಂಗೈ ಜುಮ್ಮೆಂದದ್ದು ಅದರ ಲೆಕ್ಕಪತ್ರ. ಗಾಲ್ಫಿನಲ್ಲಿ ದಿಕ್ಕೂ ಕೆಡುತ್ತದೆ. ಹೊರಡುವ ದಿಕ್ಕು ಒಂದೇ ಡಿಗ್ರಿ ತಪ್ಪಿದರೂ 170 ಮೀಟರ್ ದೂರದಲ್ಲಿ ಚೆಂಡು ಸುಮಾರು 3 ಮೀಟರ್ ಆಚೆಗೆ ಬೀಳುತ್ತದೆ.

ತಿರುಚಿಗೆ ಅಡ್ಡಿಯೊಡ್ಡುವ ಗುಣವನ್ನು ಭೌತಶಾಸ್ತ್ರದಲ್ಲಿ ಜಡತ್ವ ಮಹತ್ವವೆಂದು ಕಾಲೇಜಿನ ಓದುಗರು ಕಲಿತಿದ್ದಾರೆ. ಪ್ರೌಢಶಾಲೆಯವರು ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. 30 ಸೆಂಟಿಮೀಟರಿನ ಮರದ ಅಳತೆಪಟ್ಟಿಯೊಂದನ್ನು ನಟ್ಟನಡುವೆ ದಾರ ಕಟ್ಟಿ ಅಡ್ಡವಾಗಿ ತೂಗುಬಿಡಿ. ನಡುವಿನಿಂದ ಎರಡೂ ಪಕ್ಕಕ್ಕೆ 3 ಸೆಂಟಿಮೀಟರ್ ದೂರದಲ್ಲಿ ಮೂರು ಮೂರು ಐದು ರೂಪಾಯಿಯ ನಾಣ್ಯಗಳನ್ನು ಅಂಟುಪಟ್ಟಿಯಿಂದ ಅಂಟಿಸಿ, ಪಟ್ಟಿಯ ತುದಿಯನ್ನು ಬೆರಳಿನಿಂದ ಚಿಮ್ಮಿ. ಅದು ಗಿರ್ರನೆ ತಿರುಗುತ್ತದೆ. ಆಮೇಲೆ ಅದೇ ನಾಣ್ಯಗಳನ್ನು 12 ಸೆಂಟಿಮೀಟರ್ ದೂರಕ್ಕೆ ಸರಿಸಿ, ಅಷ್ಟೇ ಬಲದಿಂದ ಚಿಮ್ಮಿ. ಪಟ್ಟಿಯ ಒಟ್ಟು ತೂಕ ಗುಲಗಂಜಿಯಷ್ಟೂ ಹೆಚ್ಚಿಲ್ಲ. ಆದರೂ ಈಗ ಅದು ಸೋಮಾರಿಯಂತೆ ತಿರುಗುತ್ತದೆ. ದೂರ ನಾಲ್ಕು ಪಾಲಾದಾಗ ನಾಣ್ಯಗಳ ಅಡ್ಡಿ ನಾಲ್ಕರ ವರ್ಗ, ಅಂದರೆ ಹದಿನಾರು ಪಾಲಾಯಿತು. ಪಟ್ಟಿಗೂ ತನ್ನದೇ ಆದ ಅಡ್ಡಿ ಇರುವುದರಿಂದ ಒಟ್ಟು ಫಲ ಹದಿನಾರು ಪಟ್ಟು ಆಗದು. ಎಷ್ಟಾಗಬಹುದೆಂಬುದನ್ನು ಪಟ್ಟಿಯನ್ನೂ ನಾಣ್ಯಗಳನ್ನೂ ತೂಗಿ ಓದುಗರೇ ಲೆಕ್ಕ ಹಾಕಲಿ.

ಸಂಕರ ದಾಂಡು ಮಾಡುವವನು ಮಾಡಿರುವುದೂ ನಾಣ್ಯ ಸರಿಸುವ ಕೆಲಸವನ್ನೇ. ಕಬ್ಬಿಣದ ದಾಂಡಿನಲ್ಲಿ ಲೋಹವೆಲ್ಲ ತೆಳ್ಳಗಿನ ಅಲಗಿನಲ್ಲಿ, ಚೆಂಡಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಇಲ್ಲಿ ತಲೆಯನ್ನು ಟೊಳ್ಳು ಮಾಡಿ, ಮುಖವನ್ನು ಬಲವಾದ ಉಕ್ಕಿನ ತೆಳುತಗಡಿನಿಂದ ಕಟ್ಟಿ, ಉಳಿತಾಯವಾದ ತೂಕವನ್ನು ತಳಕ್ಕೂ ಹಿಂಭಾಗಕ್ಕೂ ಅಂಚುಗಳಿಗೂ ಹಂಚಿರುತ್ತಾರೆ. ಕೆಲವರು ತಳದಲ್ಲಿ ಟಂಗ್‌ಸ್ಟನ್ ತುಣುಕನ್ನೂ ಹುದುಗಿಸುತ್ತಾರೆ. ಅದು ಉಕ್ಕಿಗಿಂತ ಎರಡೂವರೆ ಪಟ್ಟು ಸಾಂದ್ರವಾದ ಲೋಹ. ಹೀಗೆ ತಲೆಯ ಆಕಾರ ಮರದ ದಾಂಡಿನದು, ಆದರೆ ಪುಟ್ಟದು. ಕಾವಿನ ಉದ್ದ ಕಬ್ಬಿಣಕ್ಕಿಂತ ತುಸು ಹೆಚ್ಚು, ಮರಕ್ಕಿಂತ ಕಡಿಮೆ. ನಮ್ಮ ರೈತರು 1964ರಲ್ಲಿ ಬಿಡುಗಡೆಯಾದ ಸಿ.ಎಸ್.ಎಚ್.-1 ತಳಿಯಿಂದ ಮೊದಲುಗೊಂಡು 'ಹೈಬ್ರಿಡ್ ಜೋಳ' ಎಂಬ ಮಾತನ್ನು ಬಲ್ಲರು. ಇಲ್ಲಿಯೂ ಎರಡು ಕುಲಗಳ ಕೂಡುವಿಕೆಯಿಂದಲೇ ಆ ಹೆಸರು ಬಂದಿದೆ.

ಆದರೆ ತಿರುಚುವಿಕೆಯ ವಿಷಯವನ್ನೇ ದೊಡ್ಡದು ಮಾಡಿ ಹೇಳುವ ಜಾಹೀರಾತುಗಳನ್ನು ನಾವು ಪೂರ್ತಿ ಒಪ್ಪಲಾರೆವು. ಕಬ್ಬಿಣಕ್ಕಿಂತ ಸಂಕರ ದಾಂಡಿನ ಜಡತ್ವ ಮಹತ್ವ ಹೆಚ್ಚು, ನಿಜ. ಆದರೆ ದೊಡ್ಡ ತಲೆಯ ಮರದ ದಾಂಡಿನ ಹತ್ತಿರಕ್ಕೂ ಅದು ಹೋಗಲಾರದು. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಉಪಕಾರ ಬರುವುದು ಗುರುತ್ವಕೇಂದ್ರ ಕೆಳಕ್ಕೂ ಹಿಂದಕ್ಕೂ ಇಳಿದುದರಿಂದ. ಕೆಳಕ್ಕೆ ಇಳಿದರೆ ಏನಾಗುತ್ತದೆ? ಚೆಂಡು ಗುರುತ್ವಕೇಂದ್ರದ ಮಟ್ಟಕ್ಕೋ ತುಸು ಮೇಲಕ್ಕೋ ತಾಕುತ್ತದೆ. ತಲೆ ಕೂದಲೆಳೆಯಷ್ಟು ಹಿಂದಕ್ಕೆ ವಾಲಿ ಚೆಂಡನ್ನು ಮೇಲಕ್ಕೆ ಎತ್ತುತ್ತದೆ. ಹಿಂದಕ್ಕೆ ಸರಿದರೆ ಏನಾಗುತ್ತದೆ? ಬೀಸುವಾಗ ತಲೆ ವೃತ್ತಾಕಾರದಲ್ಲಿ ಚಲಿಸುತ್ತಿರುತ್ತದಷ್ಟೆ. ಆಗ ಗುರುತ್ವಕೇಂದ್ರ ಕೈಹಿಡಿಯ ನೇರಕ್ಕೆ ಬರಲು ತವಕಿಸಿ, ಕಾವನ್ನು ಮುಂದಕ್ಕೆ ಬಾಗಿಸುತ್ತದೆ. ಕಾವು ಬಾಗಿದಂತೆ ಮುಖ ಆಕಾಶದತ್ತ ಇನ್ನೊಂದಿಷ್ಟು ತೆರೆದುಕೊಳ್ಳುತ್ತದೆ. ಈ ಎರಡರ ಫಲವಾಗಿ, ಅಷ್ಟೇ ಓರೆಯ ಕಬ್ಬಿಣಕ್ಕಿಂತ ಸಂಕರ ದಾಂಡು ಚೆಂಡನ್ನು ಹೆಚ್ಚು ಎತ್ತರಕ್ಕೆ ಕಳುಹಿಸುತ್ತದೆ. ಎತ್ತರದಿಂದ ಇಳಿಯುವ ಚೆಂಡು ಕಡಿದಾಗಿ ಇಳಿಯುತ್ತದೆ. ಕಡಿದಾಗಿ ಇಳಿದದ್ದು ಓಡುವುದಿಲ್ಲ. ಎರಡನೆಯ ದಂಡ ತಗ್ಗುವುದು ಹೀಗೆ.

ಬಲಹೀನ ಆಟಗಾರರಿಗೆ ಇದು ಏಕೆ ವಿಶೇಷವಾಗಿ ಬೇಕೆಂದರೆ, ಚೆಂಡು ಮೇಲೇರುವುದಕ್ಕೆ ವೇಗವೂ ಬೇಕು. ಹಿಂದುಹಿಂದಕ್ಕೆ ಗಿರಕಿ ಹೊಡೆಯುತ್ತ ಸಾಗುವ ಚೆಂಡಿನ ಮೇಲ್ಭಾಗದಲ್ಲಿ ಗಾಳಿ ಬೇಗನೆಯೂ ಕೆಳಭಾಗದಲ್ಲಿ ನಿಧಾನವಾಗಿಯೂ ಹರಿದು ಅದನ್ನು ಮೇಲಕ್ಕೆ ಹೊರುತ್ತದೆ. ಚೆಂಡಿನ ಮೈಮೇಲಿನ ಸಣ್ಣ ಗುಳಿಗಳು ಇದಕ್ಕೆ ನೆರವಾಗುತ್ತವೆ. ಬಲಶಾಲಿಗಳ ಹೊಡೆತದಲ್ಲಿ ವೇಗವೂ ಗಿರಕಿಯೂ ಹೇರಳವಾಗಿರುವುದರಿಂದ 3ನೆಯ ಕಬ್ಬಿಣವೂ ಅವರಿಗೆ ಚೆಂಡನ್ನು ಎತ್ತಿಕೊಡುತ್ತದೆ. ಉಳಿದವರಿಗೆ ಗಾಳಿಯ ಈ ಸಹಾಯ ಕಡಿಮೆ. ಆರಂಭದಲ್ಲೇ ಕೋನ ದೊಡ್ಡದಾಗಿದ್ದರೆ ಮಾತ್ರ ಚೆಂಡು ಎತ್ತರವನ್ನು ಮುಟ್ಟೀತು.

ಇನ್ನು ತಳದ ವಿಷಯ. ಎರೆಹೊಲದಲ್ಲಿ ಕುಂಟೆ ಹೊಡೆದವರಿಗೂ ಕೊರಡು ಎಳೆದವರಿಗೂ ಇದನ್ನು ವಿವರಿಸಬೇಕಾಗಿಲ್ಲ. ಕುಂಟೆಯ ಅಲಗು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಅಗಲವಾದ ಕೊರಡು ಮಣ್ಣಿನ ಮೇಲೆ ಜಾರಿಹೋಗುತ್ತದೆ. ಕಬ್ಬಿಣದ ದಾಂಡಿನ ಕೆಳಗಿನ ಅಂಚು ಕುಂಟೆಯಂತೆ. ಹೊಡೆತ ಚೆಂಡಿಗಿಂತ ಬೆರಳಗಲ ಹಿಂದೆ ಬಿದ್ದರೂ ಸಾಕು, ಅಲಗು ಮಣ್ಣಿಗಿಳಿದು ರಭಸವೆಲ್ಲ ಅಲ್ಲಿಯೇ ಮುಗಿಯುತ್ತದೆ. ಸಂಕರ ದಾಂಡಿನ ಅಗಲವಾದ ದುಂಡುತಳ ಕೊರಡಿನಂತೆ ಜಾರಿಕೊಂಡು ಚೆಂಡಿನ ಬಳಿಗೆ ಹೋಗುತ್ತದೆ. ಎತ್ತರದ ಹುಲ್ಲಿನಲ್ಲಿ ಅದರ ಗುಣ ಇನ್ನೂ ಚೆನ್ನಾಗಿ ಕಾಣುತ್ತದೆ: ಅಲಗಿನ ಕುತ್ತಿಗೆಗೆ ಹುಲ್ಲು ಸುತ್ತಿಕೊಂಡು ಮುಖವನ್ನು ತಿರುಗಿಸುವಂತೆ ಈ ನುಣುಪಾದ ತಲೆಯನ್ನು ತಿರುಗಿಸಲಾರದು.

ಈ ದಾಂಡಿನ ಪೂರ್ವಜರು 1970ರ ದಶಕದಲ್ಲಿಯೇ ಹುಟ್ಟಿದ್ದರು. 1975ರಲ್ಲಿ ಬಂದ ಕೋಬ್ರಾ ಸಂಸ್ಥೆಯ 'ಬ್ಯಾಫ್ಲರ್' ಅವುಗಳಲ್ಲೊಂದು. ಆದರೆ ಮುದುಕರ ಊರುಗೋಲೆಂಬ ತಾತ್ಸಾರವನ್ನು ಇಂಥ ದಾಂಡುಗಳು ಬಹುಕಾಲ ಅನುಭವಿಸಬೇಕಾಯಿತು. ಆ ತಾತ್ಸಾರ ಅಳಿದದ್ದು ಎರಡು ಪ್ರಸಂಗಗಳಿಂದ ಎನ್ನಬಹುದು. 2004ರಲ್ಲಿ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ನಡೆದ ಓಪನ್ ಪಂದ್ಯದಲ್ಲಿ ಅಮೆರಿಕದ ಟಾಡ್ ಹ್ಯಾಮಿಲ್ಟನ್ ಗ್ರೀನಿನ ಅಂಚಿನಲ್ಲಿಯೂ ಸಂಕರ ದಾಂಡನ್ನೇ ಹಿಡಿದು, ಚೆಂಡನ್ನು ಗೋಲಿಯಂತೆ ಉರುಳಿಸಿ, ಅರ್ನಿ ಎಲ್ಸ್ ಅವರಂಥ ಘಟಾನುಘಟಿಯನ್ನು ಸೋಲಿಸಿದರು. 2009ರ ಪಿ.ಜಿ.ಎ. ಚಾಂಪಿಯನ್‌ಷಿಪ್ಪಿನ ಕೊನೆಯ ಕುಳಿಯಲ್ಲಿ ಕೊರಿಯದ ವೈ. ಇ. ಯಾಂಗ್ ಸುಮಾರು 200 ಗಜ ದೂರದಿಂದ ಹೈಬ್ರಿಡ್ಡಿನಲ್ಲಿ ಚೆಂಡನ್ನು ಕುಳಿಯ ಸಮೀಪಕ್ಕೆ ತಂದು ಟೈಗರ್ ವುಡ್ಸ್ ಅವರನ್ನು ಹಿಂದಿಕ್ಕಿದರು. ಏಷ್ಯದಲ್ಲಿ ಹುಟ್ಟಿದ ಪುರುಷನೊಬ್ಬ ಗಾಲ್ಫಿನ ಮಹಾಪಂದ್ಯವೊಂದನ್ನು ಗೆದ್ದದ್ದು ಅದೇ ಮೊದಲು.

ಮುಂದೆಂದಾದರೂ ಈ ದಾಂಡು ಓದುಗರ ಕೈಗೆ ಬಂದರೆ ಹೇಗೆ ಹೊಡೆಯಬೇಕು? ಇಲ್ಲಿ ಬಹುಮಂದಿ ಎಡವುತ್ತಾರೆ. ತಲೆ ಮರದಂತೆ ಕಾಣುವುದರಿಂದ ಅದನ್ನು ಮರದ ದಾಂಡಿನಂತೆ ಗುಡಿಸುತ್ತಾರೆ. ಇಲ್ಲವೆ ಚೆಂಡನ್ನು ಸೌಟಿನಲ್ಲಿ ಎತ್ತುವಂತೆ ಕೆಳಗಿನಿಂದ ಎತ್ತಲು ಹೋಗುತ್ತಾರೆ. ಎರಡೂ ತಪ್ಪು. ಇದನ್ನು ಕಬ್ಬಿಣದಂತೆಯೇ ತುಸು ಕೆಳಮುಖವಾಗಿ ಬೀಸತಕ್ಕದ್ದು; ಮೊದಲು ಚೆಂಡು, ಆಮೇಲೆ ಹುಲ್ಲು. ಎತ್ತುವ ಕೆಲಸ ಓರೆಗೂ ಗುರುತ್ವಕೇಂದ್ರಕ್ಕೂ ಸೇರಿದ್ದು, ಕೈಗಲ್ಲ. ಬಲಗೈ ಆಟಗಾರನಾದರೆ ಚೆಂಡು ಎರಡು ಪಾದಗಳ ನಡುವಿನಿಂದ ಸ್ವಲ್ಪವೇ ಎಡಕ್ಕಿರಬೇಕು.

ಯಾವ ಕಬ್ಬಿಣವನ್ನು ಬಿಟ್ಟು ಯಾವ ಹೈಬ್ರಿಡ್ಡನ್ನು ಹಿಡಿಯಬೇಕೆಂಬುದನ್ನು ಅಂಕಿ ನೋಡಿ ತೀರ್ಮಾನಿಸಕೂಡದು. 4 ಎಂದು ಕೊರೆದ ಹೈಬ್ರಿಡ್ ಸಾಮಾನ್ಯವಾಗಿ 4ನೆಯ ಕಬ್ಬಿಣಕ್ಕಿಂತ ದೂರ ಹೋಗುತ್ತದೆ. ಅಭ್ಯಾಸದ ಮೈದಾನದಲ್ಲಿ ಪ್ರತಿಯೊಂದು ದಾಂಡಿನಿಂದಲೂ ಹತ್ತಾರು ಚೆಂಡು ಹೊಡೆದು, ದೂರಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ದಾಂಡಿನಿಂದ ದಾಂಡಿಗೆ 10–15 ಮೀಟರಿನ ಅಂತರ ಬರುವಂತೆ ಆರಿಸಿಕೊಳ್ಳುವುದು ಉತ್ತಮ. ಬಲವಾಗಿ ಬೀಸುವವರಿಗೆ ಈ ದಾಂಡು ಕೆಲವೊಮ್ಮೆ ಶತ್ರುವೂ ಆಗುತ್ತದೆ: ಚೆಂಡು ಬೇಕಾದುದಕ್ಕಿಂತ ಎತ್ತರಕ್ಕೆ ಹೋಗಿ ಎದುರುಗಾಳಿಗೆ ಸಿಕ್ಕುತ್ತದೆ, ಎಡಕ್ಕೆ ಬಾಗುವ ಚಾಳಿಯೂ ಉಂಟು. ಅಂಥವರು ಹಳೆಯ ಕಬ್ಬಿಣವನ್ನೇ ಇಟ್ಟುಕೊಳ್ಳಲಿ.

ಕಸುಮಿಗಾಸೆಕಿಗೆ ಹಿಂದಿರುಗೋಣ. ಕೊನೆಯ ದಿನ ಗುಡುಗು ಮಳೆಯಿಂದ ಆಟ ಕೆಲಹೊತ್ತು ನಿಂತು ಮತ್ತೆ ಮುಂದುವರಿಯಿತು. ಅದಿತಿ ಅವರ ದಾಂಡುಗಳ ಚೀಲವನ್ನು ಹೊತ್ತು ಜತೆಯಲ್ಲಿ ನಡೆದವರು ಅವರ ತಾಯಿ. ಹದಿನೆಂಟನೆಯ ಕುಳಿಗೆ ಬರುವಾಗಲೂ ಪದಕದ ಆಸೆ ಉಳಿದಿತ್ತು. ಅಲ್ಲಿ ಚೆಂಡು ಗ್ರೀನಿನ ಮೇಲಿತ್ತು. ಆದರೆ ಕುಳಿಯಿಂದ ಬಹುದೂರದಲ್ಲಿತ್ತು. ಹೈಬ್ರಿಡ್ಡಿನ ಕೆಲಸ ಮುಗಿದು, ಚೆಂಡನ್ನು ನೆಲದ ಮೇಲೆ ಉರುಳಿಸುವ ಪಟರ್ ಕೈಗೆ ಬಂತು. ಆ ಉದ್ದದ ಹೊಡೆತ ಕುಳಿಗೆ ಬೀಳಲಿಲ್ಲ. ನಾಲ್ಕು ದಿನಗಳ ಒಟ್ಟು ಹೊಡೆತಗಳು ಅದಿತಿ ಅವರವು 269. ಕಂಚಿನ ಪದಕ ಪಡೆದ ನ್ಯೂಜಿಲೆಂಡಿನ ಲಿಡಿಯಾ ಕೊ ಅವರವು 268.